ಹೊಳೆ ಯಾರ ಕಡೆ?

ಚನ್ನಪಟ್ಟಣದಲ್ಲಿ ಭಾನುವಾರ ಸಂಜೆ ಆರೇಳು ಹುಡುಗ ಹುಡುಗಿಯರನ್ನು ಸೇರಿಸಿಕೊಂಡು ನಾಟಕ ಓದುವ ಅಭ್ಯಾಸವೊಂದನ್ನು ಕೆಲವು ಕಾಲ ಇಟ್ಟುಕೊಂಡಿದ್ದೆ. ರಂಗಕ್ಕೆ ತರುವ ಉದ್ದೇಶವೇನೂ ಇರಲಿಲ್ಲ. ಓದುವುದು, ಮಾತಾಡುವುದು, ಟೀ ಕುಡಿದು ಮನೆಗೆ ಹೋಗುವುದು. ಗಾರ್ಮೆಂಟ್ಸ್‌ಗೆ ಹೋಗುವ ಹುಡುಗಿಯೊಬ್ಬಳು, ಬಿಡದಿ ಕಡೆ ಗುತ್ತಿಗೆ ಕೆಲಸಕ್ಕಿದ್ದ ಇಬ್ಬರು, ಪದವಿ ಓದುತ್ತಿದ್ದ ಮೂವರು, ಮನೆಯಲ್ಲೇ ಲೇತ್ ಇಟ್ಟುಕೊಂಡು ಬೊಂಬೆ ಮಾಡುವವರ ಮಗನೊಬ್ಬ. ಒಂದು ವಾರ ಇಂಗ್ಲೆಂಡಿನ ಕ್ಯಾರಿಲ್ ಚರ್ಚಿಲ್ ಬರೆದ ‘ಫಾರ್ ಅವೇ’ ತೆಗೆದುಕೊಂಡೆ. 2000ದ ನವೆಂಬರಿನಲ್ಲಿ ಲಂಡನ್ನಿನ ರಾಯಲ್ ಕೋರ್ಟ್ ರಂಗಮಂದಿರದಲ್ಲಿ ಮೊದಲ ಸಲ ಆಡಿದ, ಒಂದು ಗಂಟೆಯೂ ಹಿಡಿಯದ ಪುಟ್ಟ ನಾಟಕ. ನನ್ನ ಹರಕು ಮುರುಕು ಕನ್ನಡದಲ್ಲಿ ಅದನ್ನು ಹೇಳುತ್ತಾ ಹೋದೆ.

ನಾಟಕದ ಎರಡನೇ ಭಾಗದಲ್ಲಿ ಜೋನ್ ಮತ್ತು ಟಾಡ್ ಎಂಬ ಇಬ್ಬರು ಟೋಪಿ ಮಾಡುತ್ತಾ ಕೂತಿರುತ್ತಾರೆ. ಜೋನ್ ಟೋಪಿ ಮಾಡುವುದನ್ನೇ ಕಾಲೇಜಿನಲ್ಲಿ ಕಲಿತು ಈಗಷ್ಟೇ ಕೆಲಸಕ್ಕೆ ಸೇರಿದವಳು. ದಿನದಿಂದ ದಿನಕ್ಕೆ ಟೋಪಿಗಳು ದೊಡ್ಡದಾಗುತ್ತವೆ, ವಿಚಿತ್ರವಾಗುತ್ತವೆ. ಕೈ ಕೆಲಸ ಮಾಡುತ್ತಿರುವಾಗ ಬಾಯಿ ಸಂಬಳದ ಬಗ್ಗೆ, ಗುತ್ತಿಗೆ ಯಾರಿಗೆ ಹೇಗೆ ಸಿಗುತ್ತದೆ ಎನ್ನುವುದರ ಬಗ್ಗೆ ಗೊಣಗುತ್ತದೆ. ನಡುವೆ ಒಂದಿಷ್ಟು ಪ್ರೀತಿಯೂ ಹುಟ್ಟುತ್ತದೆ. ಆಮೇಲೆ ಮಾತೇ ಇಲ್ಲದ ಒಂದು ದೃಶ್ಯ: ಹರಕು ಬಟ್ಟೆಯ, ಸಂಕೋಲೆ ಹಾಕಿದ ಕೈದಿಗಳು ಆ ಟೋಪಿಗಳನ್ನು ತೊಟ್ಟು ಸಾಲಾಗಿ ಸಾವಿನ ಕಡೆ ನಡೆಯುತ್ತಾರೆ. ಜೋನಳ ಟೋಪಿಗೆ ಬಹುಮಾನ ಬಂದು ಅದು ಮ್ಯೂಸಿಯಮ್ಮಿಗೆ ಹೋಗುತ್ತದೆ. ಉಳಿದವು ಹೆಣಗಳ ಜೊತೆ ಸುಟ್ಟುಹೋಗುತ್ತವೆ. ಅಷ್ಟು ಚೆಂದದ ಟೋಪಿಗಳು ಸುಟ್ಟುಹೋಗುತ್ತವಲ್ಲ ಎಂದು ಜೋನ್‌ಗೆ ಬೇಸರ. ಹೆಣಗಳ ಬಗ್ಗೆ ಯಾರೂ ಮಾತಾಡುವುದಿಲ್ಲ.

ಇಷ್ಟು ಹೇಳಿ ನಾನು ಸುಮ್ಮನಾದೆ. ಹುಡುಗರೂ ಗಂಭೀರವಾಗುತ್ತಾರೆ ಎಂದುಕೊಂಡಿದ್ದೆ. ಗಾರ್ಮೆಂಟ್ಸಿನ ಹುಡುಗಿ ಕೇಳಿದಳು: ‘ಪೀಸಿಗೆ ಎಷ್ಟ್ ಕೊಡ್ತಾರೆ ಸಾರ್?’ ಎಲ್ಲರೂ ನಕ್ಕರು. ಇನ್ನೊಬ್ಬ, ‘ಕೈದಿಗಳಿಗೂ ಟೋಪಿ, ಕೆಲ್ಸದೋರಿಗೂ ಟೋಪಿ’ ಎಂದ. ಮತ್ತೆ ನಗು. ಲೇತ್ ಮನೆಯ ಹುಡುಗ ಮಾತ್ರ ನಗಲಿಲ್ಲ. ‘ನಮ್ಮಪ್ಪ ಮಾಡಿದ್ ಬೊಂಬೆ ಎಲ್ಲಿಗ್ ಹೋಯ್ತದೆ ಅಂತ ನಮ್ಮಪ್ಪಂಗೂ ಗೊತ್ತಿಲ್ಲ’ ಅಂದ.

ಈ ಮೂರು ಮಾತುಗಳು ನನ್ನನ್ನು ಬಹಳ ದಿನ ಬಿಡಲಿಲ್ಲ. ಬ್ರಿಟನ್ನಿನ ಇತ್ತೀಚಿನ ನಾಟಕಗಳನ್ನು ‘ಡಿಸ್ಟೋಪಿಯಾ’ ಎಂಬ ಹೆಸರಿನಡಿ ಓದುವುದು ರೂಢಿ. ಕೆಟ್ಟ ನಾಳೆಯೊಂದನ್ನು ಕಟ್ಟಿ ತೋರಿಸಿ ಇವತ್ತನ್ನು ಎಚ್ಚರಿಸುವ ಬರವಣಿಗೆ ಎಂದು ಅದರ ಅರ್ಥ. ಆದರೆ ನಮ್ಮ ಗುಂಪಿನಲ್ಲಿ ಯಾರೂ ಅದನ್ನು ನಾಳೆಯ ಕತೆಯೆಂದು ಕೇಳಿಸಿಕೊಂಡಿರಲಿಲ್ಲ. ಅವರಿಗೆ ಅದು ಪಕ್ಕದ ಶೆಡ್ಡಿನ ಕತೆಯಾಗಿತ್ತು.

*

ಈ ಬಗೆಯ ನಾಟಕಗಳು ಇಂಗ್ಲೆಂಡಿನಲ್ಲಿ ಇದ್ದಕ್ಕಿದ್ದಂತೆ ಹುಟ್ಟಿದ್ದಲ್ಲ. ಎಡ್ವರ್ಡ್ ಬಾಂಡ್ 1971ರಲ್ಲೇ ಶೇಕ್ಸ್‌ಪಿಯರನ ಲಿಯರ್ ದೊರೆಯನ್ನು ತೆಗೆದುಕೊಂಡು, ಜನರ ರಕ್ಷಣೆಗೆಂದು ಜನರನ್ನೇ ಕೊಂದು ಗೋಡೆ ಕಟ್ಟಿಸುವ ಅರಸನನ್ನಾಗಿ ಮಾಡಿದ್ದ. ಥ್ಯಾಚರ್ ಕಾಲದಲ್ಲಿ ಹಣದ ಮಾರುಕಟ್ಟೆಯ ಕಟ್ಟುಪಾಡುಗಳು ಸಡಿಲವಾದಾಗ ಚರ್ಚಿಲ್ 1987ರಲ್ಲಿ ‘ಸೀರಿಯಸ್ ಮನಿ’ ಬರೆದರು. ಷೇರುಪೇಟೆಯ ಗದ್ದಲವನ್ನೇ ಪ್ರಾಸಬದ್ಧ ಸಾಲುಗಳಲ್ಲಿ ಹಿಡಿದ ನಾಟಕ ಅದು. ಅಲ್ಲಿನವರು ಜಾಗತೀಕರಣವನ್ನು ಮೊದಲು ಕಂಡದ್ದು ಗೆದ್ದವರ ಮನೆಯ ಒಳಗಿನಿಂದ. ನಮಗೆ ಅದು ಬಂದದ್ದು 1991ರ ನಂತರ, ಡಂಕೆಲ್ ಪ್ರಸ್ತಾವದ ಮೂಲಕ, ಬೀಜದ ಮೂಲಕ, ರೈತಸಂಘದ ಹಸಿರು ಟವೆಲ್ಲಿನ ಎದುರಾಳಿಯಾಗಿ. ಹಾಗಾಗಿ ನಮ್ಮ ಬೀದಿನಾಟಕಗಳಲ್ಲಿ ಅದು ಕೋಟು ಹಾಕಿದ, ಹ್ಯಾಟು ತೊಟ್ಟ, ಜೋರಾಗಿ ನಗುವ ಒಬ್ಬ ಮನುಷ್ಯ. ಅವನು ಊರಿನ ಹೊರಗಿನಿಂದ ಬರುತ್ತಾನೆ. ಕೊನೆಗೆ ಜನ ಒಟ್ಟಾಗಿ ಅವನನ್ನು ಓಡಿಸುತ್ತಾರೆ, ತಮಟೆ ಬಾರಿಸುತ್ತದೆ.

ಆ ನಾಟಕಗಳನ್ನು ನಾನು ಹಗುರವಾಗಿ ನೋಡಲಾರೆ. ಅಂಥವುಗಳಲ್ಲಿ ನಾನೂ ತಮಟೆ ಹಿಡಿದಿದ್ದೇನೆ. ಅವು ಹೇಳಿದ್ದು ಸುಳ್ಳೂ ಅಲ್ಲ. 2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿದಾಗ ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಏನಾಯಿತು ಎಂದು ಹಿಪ್ಪುನೇರಳೆ ಬೆಳೆದ ಮನೆಯವರಿಗೆಲ್ಲ ಗೊತ್ತು. ಚೀನಾ ರೇಷ್ಮೆ ಎಂಬುದು ನಮ್ಮಲ್ಲಿ ಪತ್ರಿಕೆಯ ಪದವಾಗಿ ಉಳಿಯಲಿಲ್ಲ. ಅದು ಹುಳು ಸಾಕುವವನ ಮಗಳ ಮದುವೆಯನ್ನು ಮುಂದಕ್ಕೆ ಹಾಕುತ್ತಿತ್ತು. ತೀರ್ಮಾನ ಎಲ್ಲೋ ದೂರದಲ್ಲಿ ಆಗುತ್ತದೆ, ಏಟು ಇಲ್ಲಿ ಬೀಳುತ್ತದೆ. ಬೀದಿನಾಟಕ ಈ ದೂರವನ್ನು ತೋರಿಸಿತು, ಚೆನ್ನಾಗಿಯೇ ತೋರಿಸಿತು.

ಅದು ತೋರಿಸದೆ ಬಿಟ್ಟದ್ದು ಹತ್ತಿರವನ್ನು.

*

‘ಫಾರ್ ಅವೇ’ ಶುರುವಾಗುವುದು ಒಂದು ಹಳ್ಳಿಮನೆಯಲ್ಲಿ. ಪುಟ್ಟ ಹುಡುಗಿ ಜೋನ್ ಚಿಕ್ಕಮ್ಮನ ಮನೆಗೆ ಬಂದಿದ್ದಾಳೆ, ನಿದ್ದೆ ಬರುತ್ತಿಲ್ಲ. ಹೊರಗೆ ಹೋದಾಗ ಚಿಕ್ಕಪ್ಪ ಜನರನ್ನು ಶೆಡ್ಡಿಗೆ ತಳ್ಳುವುದನ್ನು, ಹೊಡೆಯುವುದನ್ನು ನೋಡಿದ್ದಾಳೆ. ರಕ್ತ ಕಂಡಿದ್ದಾಳೆ. ಅವಳು ಒಂದೊಂದೇ ಕೇಳುತ್ತಾಳೆ, ಚಿಕ್ಕಮ್ಮ ಒಂದೊಂದಕ್ಕೂ ಒಂದು ಸಮಾಧಾನದ ಸುಳ್ಳು ಹೇಳುತ್ತಾಳೆ. ಸುಳ್ಳು ನಿಲ್ಲದೇ ಹೋದಾಗ ಇನ್ನೊಂದು ದಾರಿ ಹಿಡಿಯುತ್ತಾಳೆ: ನಿನ್ನ ಚಿಕ್ಕಪ್ಪ ಅವರಿಗೆ ಸಹಾಯ ಮಾಡುತ್ತಿದ್ದಾನೆ, ಇದು ಗುಟ್ಟು, ಈಗ ನೀನೂ ಇದರ ಒಂದು ಭಾಗ, ಒಳ್ಳೆಯ ಕೆಲಸದ ಭಾಗ. ಹುಡುಗಿಗೆ ನಿದ್ದೆ ಬರುತ್ತದೆ. ಮುಂದೆ ಅವಳೇ ಬೆಳೆದು ಟೋಪಿ ಮಾಡುತ್ತಾಳೆ.

ಇಲ್ಲಿ ಕೋಟು ಹಾಕಿದವನು ಬರುವುದೇ ಇಲ್ಲ. ಸರ್ಕಾರ ಯಾವುದು, ಕೈದಿಗಳು ಯಾರು, ಅವರ ತಪ್ಪೇನು, ಒಂದನ್ನೂ ಚರ್ಚಿಲ್ ಹೇಳುವುದಿಲ್ಲ. ಅವರು ತೋರಿಸುವುದು ಒಂದು ಅಡುಗೆಮನೆಯನ್ನು ಮತ್ತು ಕೆಲಸದ ಮೇಜನ್ನು. ಜೋನ್ ಮತ್ತು ಟಾಡ್ ದಡ್ಡರಲ್ಲ, ಕ್ರೂರಿಗಳೂ ಅಲ್ಲ. ಗುತ್ತಿಗೆಯ ಭ್ರಷ್ಟಾಚಾರದ ವಿರುದ್ಧ ಮಾತಾಡುವಷ್ಟು ನ್ಯಾಯಪ್ರಜ್ಞೆ ಟಾಡ್‌ಗೆ ಇದೆ. ಅವನ ನ್ಯಾಯಪ್ರಜ್ಞೆ ತನ್ನ ಕೂಲಿಯ ತನಕ ಬಂದು ಅಲ್ಲೇ ನಿಲ್ಲುತ್ತದೆ. ಪೀಸಿಗೆ ಎಷ್ಟು ಎಂದು ಕೇಳಿದ ನಮ್ಮ ಹುಡುಗಿ ನಾಟಕವನ್ನು ತಪ್ಪಾಗಿ ಅರ್ಥ ಮಾಡಿಕೊಂಡಳು ಎಂದು ಆ ಸಂಜೆ ನನಗೆ ಅನಿಸಿತ್ತು. ಅವಳು ಟಾಡ್‌ನ ಪ್ರಶ್ನೆಯನ್ನೇ ಕೇಳಿದ್ದಳು. ಕೇಳಲೇಬೇಕಾದ ಪ್ರಶ್ನೆ ಅದು. ಅದೊಂದನ್ನೇ ಕೇಳಿಕೊಂಡು ಬದುಕು ಮುಗಿದುಹೋಗುವುದು ನಾಟಕದ ಭಯ.

ಲೇತ್ ಮನೆಯ ಹುಡುಗನ ಮಾತು ಇನ್ನೊಂದು ಕಡೆಗೆ ಎಳೆಯುತ್ತದೆ. ಚನ್ನಪಟ್ಟಣದ ಬೊಂಬೆಯನ್ನು ನಾವು ಅಪ್ಪಟ ಸ್ಥಳೀಯ ಎಂದು ಹೊಗಳುತ್ತೇವೆ. ಆಲೆ ಮರ ಇಲ್ಲಿಯದು, ತಿರುಗುವ ಮರದ ಮೇಲೆ ಅರಗಿನ ಕಡ್ಡಿ ಒತ್ತಿ ಬಣ್ಣ ಹಿಡಿಸುವ ಕೈ ಇಲ್ಲಿಯದು. ಆದರೆ ಕಲೆ ಟಿಪ್ಪುವಿನ ಕಾಲದಲ್ಲಿ ಪರ್ಷಿಯಾದ ಕಡೆಯಿಂದ ಬಂತೆಂದು ಊರಿನವರೇ ಹೇಳುತ್ತಾರೆ. ಬಾವಾಸ್ ಮಿಯಾ ಜಪಾನಿನಿಂದ ಹೊಸ ವಿಧಾನ ತಂದರೆಂದೂ ಹೇಳುತ್ತಾರೆ. ಅಂದರೆ ದೂರ ಎನ್ನುವುದು ನಮ್ಮ ಬೊಂಬೆಯ ಒಳಗೇ ಇತ್ತು. ಆಗ ದೂರದಿಂದ ಬಂದದ್ದು ಕೈಗೆ ದಕ್ಕಿತು. ಈಗ ಕೈಯಿಂದ ಹೊರಟದ್ದು ಯಾವ ದೂರಕ್ಕೆ ಹೋಗುತ್ತದೋ ಕೈಗೆ ತಿಳಿಯದು. ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿದೆ, ಒಳ್ಳೆಯದೇ. ಬಹುಮಾನದ ಬೊಂಬೆ ಗಾಜಿನ ಪೆಟ್ಟಿಗೆ ಸೇರುತ್ತದೆ. ಮಾಡಿದವನು ಮಾರನೇ ದಿನ ಮತ್ತೆ ಲೇತಿನ ಮುಂದೆ ಕೂರುತ್ತಾನೆ. 2023ರಲ್ಲಿ ಬೆಂಗಳೂರು-ಮೈಸೂರು ದಶಪಥ ತೆರೆದ ಮೇಲೆ ಹಳೆ ರಸ್ತೆಯ ಬೊಂಬೆ ಅಂಗಡಿಗಳ ಮುಂದೆ ನಿಲ್ಲುತ್ತಿದ್ದ ಕಾರುಗಳೂ ಊರ ಹೊರಗಿನಿಂದಲೇ ಹಾದುಹೋಗತೊಡಗಿದವು.

*

ಜೆಜ್ ಬಟರ್‌ವರ್ತ್‌ನ ‘ಜೆರುಸಲೆಮ್’ 2009ರಲ್ಲಿ ಅದೇ ರಾಯಲ್ ಕೋರ್ಟಿನಲ್ಲಿ ಬಂತು. ಭವಿಷ್ಯದ ಕತೆಯಲ್ಲ, ಯುದ್ಧವೂ ಇಲ್ಲ. ಹಳ್ಳಿಯೊಂದರ ಅಂಚಿನ ಕಾಡಿನಲ್ಲಿ ಜಾನಿ ಬೈರನ್ ಎಂಬ ಕುಡುಕ, ಸುಳ್ಳುಗಾರ, ಹುಡುಗರಿಗೆ ಮಾದಕ ವಸ್ತು ಹಂಚುವವನು ಹಳೆಯ ವಾಹನವೊಂದರಲ್ಲಿ ವಾಸವಾಗಿದ್ದಾನೆ. ಪಕ್ಕದಲ್ಲಿ ಹೊಸ ಬಡಾವಣೆ ಎದ್ದಿದೆ. ಅಲ್ಲಿನವರಿಗೆ ಅವನು ಬೇಡ. ಕೌನ್ಸಿಲ್ಲಿನವರು ಬಂದು ಜಾಗ ಖಾಲಿ ಮಾಡುವ ನೋಟಿಸು ಅಂಟಿಸಿ ಹೋಗುತ್ತಾರೆ. ಸ್ಟೋನ್‌ಹೆಂಜ್ ಕಟ್ಟಿದ ದೈತ್ಯನನ್ನು ತಾನು ಕಂಡಿದ್ದೇನೆ ಎನ್ನುವ ಬೈರನ್ ಕೊನೆಗೆ ಡೋಲು ಬಾರಿಸುತ್ತಾ ಆ ದೈತ್ಯರನ್ನೆಲ್ಲ ಹೆಸರು ಹಿಡಿದು ಕರೆಯುತ್ತಾನೆ. ಅವರು ಬಂದರೋ ಇಲ್ಲವೋ ನಾಟಕ ಹೇಳುವುದಿಲ್ಲ.

ಇದನ್ನು ಓದುವಾಗ ನನಗೆ ಬಿಡದಿ ಹೋಬಳಿ ನೆನಪಾಗದೆ ಇರುವುದು ಹೇಗೆ? ಅಲ್ಲಿ ಉಪನಗರದ ಮಾತು 2006ರ ಸುಮಾರಿನಿಂದ ಇದೆ. 2025ರಲ್ಲಿ ಭೂಸ್ವಾಧೀನದ ಅಧಿಸೂಚನೆ ಬಂದು ಭೈರಮಂಗಲ, ಕಂಚುಗಾರನಹಳ್ಳಿ ಕಡೆಯ ರೈತರು ಧರಣಿ ಕೂತರು. ಅದೇ ವರ್ಷ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಡಲು ಸಂಪುಟ ಒಪ್ಪಿತು. ಹೆಸರು ಬದಲಾದರೆ ಎಕರೆಯ ಬೆಲೆ ಏರುತ್ತದೆ ಎಂದು ಟೀ ಅಂಗಡಿಯಲ್ಲಿ ಸಂತೋಷಪಟ್ಟವರೂ ಇದ್ದರು. ಮಾಗಡಿ ಸೀಮೆಯಲ್ಲಿ ಸಮಾಧಿಯಿರುವ ಕೆಂಪೇಗೌಡರು 2022ರಿಂದ 108 ಅಡಿಯ ಪ್ರತಿಮೆಯಾಗಿ ವಿಮಾನ ನಿಲ್ದಾಣದ ಬಳಿ ನಿಂತಿದ್ದಾರೆ. ನಮ್ಮ ದೈತ್ಯರನ್ನು ಡೋಲು ಬಾರಿಸಿ ಕರೆಯಬೇಕೆಂದರೆ ಈಗ ಅಲ್ಲಿಗೇ ಹೋಗಬೇಕು.

‘ಜೆರುಸಲೆಮ್’ನಲ್ಲಿ ನನಗೆ ಮುಖ್ಯವೆನಿಸಿದ್ದು ಬೈರನ್‌ನ ವೀರತನಕ್ಕಿಂತ ಅವನ ಸುತ್ತ ಇರುವ ಹುಡುಗರು. ಅವನ ಕಾಡಿನಲ್ಲಿ ಕುಡಿದು ಕುಣಿದವರು, ಅವನ ಕತೆ ಕೇಳಿ ಬೆಳೆದವರು. ನೋಟಿಸಿನ ಗಡುವು ಹತ್ತಿರ ಬಂದಂತೆ ಒಬ್ಬೊಬ್ಬರೇ ಜಾರಿಕೊಳ್ಳುತ್ತಾರೆ.

ಇಲ್ಲಿ ನನ್ನದೊಂದು ಹೇಳಬೇಕು. ನಮ್ಮ ಮನೆಗೂ ಒಂದೂವರೆ ಎಕರೆ ಹಿಪ್ಪುನೇರಳೆ ತೋಟವಿತ್ತು. ಅಪ್ಪ ಹೋದ ಎರಡನೇ ವರ್ಷ ಅದು ಲೇಔಟ್ ಆಯಿತು. ಮೂರು ವರ್ಷ ಬಿಟ್ಟು ನಾನೊಂದು ನಾಟಕ ಬರೆದೆ. ಅದರಲ್ಲಿ ಬಿಳಿ ಷೂ ಹಾಕಿದ ಬ್ರೋಕರ್ ಒಬ್ಬ ಮುಗ್ಧ ರೈತನ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾನೆ. ನಾಲ್ಕು ಪ್ರದರ್ಶನವಾಯಿತು, ಜನ ಚಪ್ಪಾಳೆ ತಟ್ಟಿದರು. ನಮ್ಮ ಜಮೀನು ಕುದುರಿಸಿದ ಬ್ರೋಕರ್ ಕೂಡ ಮುಂದಿನ ಸಾಲಿನಲ್ಲಿ ಕೂತು ನೋಡಿ, ‘ಚೆನ್ನಾಗ್ ಬರ್ದಿದೀಯ ಕಣಣ್ಣ’ ಎಂದು ಮೈಕ್ ಸೆಟ್ಟಿನ ಬಾಡಿಗೆ ಕೊಟ್ಟು ಹೋದ. ಅವನಿಗೆ ಯಾಕೆ ನೋವಾಗಲಿಲ್ಲ ಎಂದು ನನಗೆ ಆಗ ಹೊಳೆಯಲಿಲ್ಲ. ನಮ್ಮ ಮನೆಯಲ್ಲಿ ಯಾರ ಹೆಬ್ಬೆಟ್ಟನ್ನೂ ಯಾರೂ ಒತ್ತಿಸಿಕೊಂಡಿರಲಿಲ್ಲ. ನಾನು ಪೆನ್ನಿನಲ್ಲಿ ಇಂಗ್ಲಿಷಿನಲ್ಲಿ ಸಹಿ ಹಾಕಿದ್ದೆ. ರೇಟು ಸಾಲದೆಂದು ಎರಡು ಸಲ ಎದ್ದು ಬಂದಿದ್ದೆ. ಅಮ್ಮ ಒಂದೇ ಮಾತು ಕೇಳಿದ್ದಳು, ‘ಕಟ್ಟೆ ಮೇಲಿನ ಹುಣಸೆಮರಾನೂ ಸೇರ್ತಾ?’ ಅಂತ. ನಾನು ಅವಳಿಗೆ ಜೋನಳ ಚಿಕ್ಕಮ್ಮ ಹೇಳಿದಂಥದೇ ಏನೋ ಹೇಳಿದೆ.

ಆ ದೃಶ್ಯ ನನ್ನ ನಾಟಕದಲ್ಲಿ ಇರಲಿಲ್ಲ. ನಮ್ಮಲ್ಲಿ ಜಮೀನಿನ ಬಗ್ಗೆ ಬಂದ ಎಷ್ಟೋ ನಾಟಕಗಳಲ್ಲಿ ನಾನು ಹುಡುಕಿದರೂ ಸಿಗದ ದೃಶ್ಯ ಅದು.

*

ಹಾಗಂತ ಕನ್ನಡಕ್ಕೆ ಈ ನೋಟವೇ ತಿಳಿಯದು ಎನ್ನಲಾರೆ. ಗಿರೀಶ ಕಾರ್ನಾಡರು ಕೊನೆಯ ದಿನಗಳಲ್ಲಿ ಬೆಂಗಳೂರನ್ನು ಹಿಡಿಯಲು ಹೊರಟರು. 2005ರ ‘ಒಡಕಲು ಬಿಂಬ’ದಲ್ಲಿ ಇಂಗ್ಲಿಷ್ ಕಾದಂಬರಿಯಿಂದ ಜಗತ್ಪ್ರಸಿದ್ಧಳಾದ ಕನ್ನಡ ಲೇಖಕಿಯನ್ನು ವಿಚಾರಣೆ ಮಾಡುವುದು ಟೀವಿ ಪರದೆಯ ಮೇಲಿನ ಅವಳದೇ ಬಿಂಬ. ‘ಬೆಂದ ಕಾಳು ಆನ್ ಟೋಸ್ಟ್’ನಲ್ಲಿ ಮಹಾನಗರದ ಮನೆಯೊಡತಿ, ಕೆಲಸದಾಕೆ, ವಿದೇಶದ ನೌಕರಿಯ ಸುಳ್ಳು ಆಸೆಗೆ ಬಿದ್ದವನು ಎಲ್ಲರೂ ಒಬ್ಬರನ್ನೊಬ್ಬರು ಹಾದುಹೋಗುತ್ತಾರೆ. ಅಲ್ಲಿ ಒಬ್ಬ ಖಳ ಎಂದು ಇಲ್ಲ. ಆದರೆ ಆ ನಾಟಕಗಳ ಬೆಂಗಳೂರು ಕೆಂಗೇರಿಯ ಆಚೆ ಬರುವುದಿಲ್ಲ. ಊರು ನಗರವಾಗುವ ಹೊತ್ತು, ಮನೆಯೊಳಗೆ ಲೆಕ್ಕ ನಡೆಯುವ ಆ ರಾತ್ರಿ, ಅವರ ವಸ್ತುವಲ್ಲ.

ನಮ್ಮ ಸೀಮೆಯ ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯಕ್ಕೆ ಈ ನೋಟ ಮೊದಲೇ ಗೊತ್ತಿತ್ತು. ಅಲ್ಲಿ ಕಲ್ಯಾಣಕ್ಕೆ ಕೇಡು ಹೊರಗಿನ ಶತ್ರುವಿನಿಂದ ಬರುವುದಿಲ್ಲ. ಮಂಟೇಸ್ವಾಮಿ ಕೊಳೆತ ಮೈಯವನಾಗಿ, ನಾತ ಹೊತ್ತುಕೊಂಡು ಶರಣರ ಬಾಗಿಲಿಗೆ ಬರುತ್ತಾನೆ. ಶುದ್ಧರೆಂದು ಹೆಸರಾದವರೇ ಅವನನ್ನು ಅಟ್ಟುತ್ತಾರೆ. ಹಲಗೂರಿನ ಪಾಂಚಾಳರು ಸಿದ್ಧಪ್ಪಾಜಿ ಕಬ್ಬಿಣ ಬೇಡಿದಾಗ ಮನೆಯಲ್ಲಿ ಇಟ್ಟುಕೊಂಡೂ ಇಲ್ಲವೆನ್ನುತ್ತಾರೆ. ಕೈಕಸುಬಿನವರ ಸುಳ್ಳು, ಒಳ್ಳೆಯವರ ಸುಳ್ಳು: ಚರ್ಚಿಲ್ ನಾಟಕದ ವಸ್ತುವನ್ನು ನಮ್ಮ ತಂಬೂರಿ ಯಾವಾಗಲೋ ಹಾಡಿದೆ. ಕಾಲಜ್ಞಾನ ಎಂಬ ನಮ್ಮ ಪದವೂ ಇದನ್ನೇ ಸೂಚಿಸುತ್ತದೆ ಎಂದು ನನ್ನ ಎಣಿಕೆ. ಮುಂದೆ ಕೆಡುಗಾಲ ಬರುತ್ತದೆ ಎಂದು ಹೇಳುವಾಗ ಹಾಡುಗಾರ ಎದುರು ಕೂತವರನ್ನು ನೋಡಿಯೇ ಹೇಳುತ್ತಾನೆ.

ಹಳ್ಳಿಗಳಲ್ಲಿ ಇಂದಿಗೂ ನಡೆಯುವ ‘ಕುರುಕ್ಷೇತ್ರ’ ನಾಟಕವನ್ನೂ ಇಲ್ಲಿ ನೆನೆಯಬೇಕು. ಪಾತ್ರ ಮಾಡುವವರೇ ದುಡ್ಡು ಹಾಕಿಕೊಂಡು, ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ, ಸೀನರಿ ಬಾಡಿಗೆಗೆ ತಂದು ರಾತ್ರಿಯಿಡೀ ಆಡುತ್ತಾರೆ. ದುರ್ಯೋಧನನ ಪಾತ್ರಕ್ಕೆ ಹೆಚ್ಚು ಹಣ. ಬಿಡದಿ ಕಡೆಯ ಊರೊಂದರಲ್ಲಿ ನಾನು ನೋಡಿದ ದುರ್ಯೋಧನ ಜಮೀನು ಕೊಟ್ಟ ದುಡ್ಡಿನಲ್ಲಿ ಪಾತ್ರ ಹಿಡಿದಿದ್ದ. ಪಾಂಡವರಿಗೆ ಸೂಜಿಮೊನೆಯಷ್ಟು ನೆಲವನ್ನೂ ಬಿಡೆನೆಂದು ಗದೆ ಎತ್ತಿದಾಗ ಬಿದ್ದ ಶಿಳ್ಳೆ ಕೃಷ್ಣನ ಯಾವ ಪದ್ಯಕ್ಕೂ ಬೀಳಲಿಲ್ಲ. ನೆಲ ಬಿಡುವುದಿಲ್ಲ ಎಂದವನು ಪುರಾಣದಲ್ಲಿ ದುಷ್ಟ. ನೆಲ ಬಿಟ್ಟು ಕೂತವರ ನಡುವೆ ಆ ರಾತ್ರಿ ಅವನೇ ವೀರನಾದ. ಅವನ ಕಣ್ಣಲ್ಲಿ ನೀರಿತ್ತು. ಬಣ್ಣದ ಉರಿಗೋ ಬೇರೆಯದಕ್ಕೋ ತಿಳಿಯಲಿಲ್ಲ. ನಮ್ಮ ಸೀಮೆಯಲ್ಲಿ ನಾನು ಕಂಡ ಜಾಗತೀಕರಣದ ನಾಟಕಗಳಲ್ಲೆಲ್ಲ ಅದೇ ದೊಡ್ಡದು. ಅದನ್ನು ಹಾಗೆಂದು ಯಾರೂ ಬರೆದಿರಲಿಲ್ಲ.

*

‘ಫಾರ್ ಅವೇ’ಯ ಮಿತಿಯನ್ನೂ ಹೇಳಿಬಿಡಬೇಕು. ಮೂರನೇ ಭಾಗದಲ್ಲಿ ಇಡೀ ಜಗತ್ತು ಯುದ್ಧಕ್ಕಿಳಿದಿದೆ. ಬೆಕ್ಕುಗಳು ಫ್ರೆಂಚರ ಕಡೆ ಸೇರಿವೆ, ಮೊಸಳೆಗಳು ಯಾರ ಕಡೆಯೋ, ಜಿಂಕೆಗಳು ಪಕ್ಷ ಬದಲಿಸಿವೆ. ದೇಶ ಮತ್ತು ಕಸುಬು ಹೊಂದಿಸಿ ಶತ್ರುಗಳ ಪಟ್ಟಿ ಬರುತ್ತದೆ: ಲಾಟ್ವಿಯಾದ ದಂತವೈದ್ಯರು, ಥಾಯ್ಲೆಂಡಿನ ಕಟುಕರು. ಲಂಡನ್ನಿನ ಪ್ರೇಕ್ಷಕರಿಗೆ ಇದು ನಗೆಯಾಗಿ ತಟ್ಟಿ ಆಮೇಲೆ ಚಳಿ ಹುಟ್ಟಿಸುತ್ತದೆ. ಆದರೆ ಈ ಪಟ್ಟಿಯ ದೂರದ ತುದಿಯಲ್ಲಿ ಇರುವವರು ನಾವು. ನಮಗೆ ಅಲ್ಲಿ ಹೆಸರಿನ ಜೊತೆ ಒಂದು ಕಸುಬು ಮಾತ್ರ ಸಿಗುತ್ತದೆ, ಮಾತು ಸಿಗುವುದಿಲ್ಲ. ಕೈದಿಗಳಿಗೂ ಅಷ್ಟೇ, ಟೋಪಿ ಇದೆ, ಮಾತಿಲ್ಲ. ಮಾಡಿದವರ ತಪ್ಪನ್ನು ಅಷ್ಟು ಹತ್ತಿರದಿಂದ ಬಲ್ಲ ನಾಟಕಕ್ಕೆ ಅನುಭವಿಸಿದವರು ದೂರವೇ ಉಳಿಯುತ್ತಾರೆ.

ಆ ಭಾಗ ಓದಿದಾಗ ಹುಡುಗರು ಮೊದಲು ಬಿದ್ದು ಬಿದ್ದು ನಕ್ಕರು. ಆಮೇಲೆ ಕನಕಪುರದ ಕಾಡಂಚಿನ ಊರಿನಿಂದ ಬರುತ್ತಿದ್ದ ಹುಡುಗ ಹೇಳಿದ, ‘ನಮ್ಮೂರಲ್ಲೂ ಹಿಂಗೇ ಸಾರ್. ಫಾರೆಸ್ಟ್‌ನೋರಿಗೆ ಫೋನ್ ಮಾಡಿ, ನಿಮ್ ಆನೆ ನಮ್ ತೋಟಕ್ ಬಂದದೆ, ಕರ್ಕೊಂಡ್ ಹೋಗಿ ಅಂತಾರೆ.’ ಕಾವೇರಿ ವನ್ಯಧಾಮದ ಕಡೆಯಿಂದ ಆನೆಗಳು ಕನಕಪುರ, ಚನ್ನಪಟ್ಟಣದ ತೋಟಗಳಿಗೆ ಇಳಿಯುವುದು, ಬೆಳೆ ಹೋಗುವುದು, ಜನ ಸಾಯುವುದು, ಆನೆಯೂ ಸಾಯುವುದು ಈಗ ದಿನದ ಸುದ್ದಿ. ರೈಲು ಕಂಬಿಯ ಬೇಲಿ ಎದ್ದಿದೆ. ಆನೆ ಇಲಾಖೆಯ ಕಡೆ, ನಾವು ಈ ಕಡೆ. ರಾಮದೇವರ ಬೆಟ್ಟದಲ್ಲಿ 2012ರಲ್ಲಿ ರಣಹದ್ದುಗಳಿಗೆ ವನ್ಯಧಾಮ ಘೋಷಿಸುವ ಹೊತ್ತಿಗೆ ಹದ್ದುಗಳು ಬೆರಳೆಣಿಕೆಗೆ ಇಳಿದಿದ್ದವು. ದನಕ್ಕೆ ಕೊಟ್ಟ ನೋವಿನ ಔಷಧಿ ಸತ್ತ ದನದ ಮಾಂಸದ ಮೂಲಕ ದೇಶದ ಹದ್ದುಗಳನ್ನು ಮುಗಿಸಿತ್ತು. ಔಷಧಿ ಕೊಟ್ಟವನು ದನದ ಮೇಲಿನ ಅಕ್ಕರೆಯಿಂದಲೇ ಕೊಟ್ಟಿದ್ದ.

ಲೂಸಿ ಕರ್ಕ್‌ವುಡ್ 2016ರ ‘ದಿ ಚಿಲ್ಡ್ರನ್’ ನಾಟಕದಲ್ಲಿ ಇನ್ನೊಂದು ಹೆಜ್ಜೆ ಇಡುತ್ತಾರೆ. ಅಣುಸ್ಥಾವರದ ಅನಾಹುತವಾದ ಮೇಲೆ ನಿವೃತ್ತ ವಿಜ್ಞಾನಿ ದಂಪತಿಗಳ ಮನೆಗೆ ಹಳೆಯ ಸಹೋದ್ಯೋಗಿ ರೋಸ್ ಬರುತ್ತಾಳೆ. ಸ್ಥಾವರ ಕಟ್ಟಿದವರು ನಾವು, ಅದನ್ನು ತೊಳೆಯುತ್ತಾ ಸಾಯುತ್ತಿರುವವರು ಮಕ್ಕಳು ಮರಿ ಇರುವ ಎಳೆಯರು, ನಾವು ಹೋಗಿ ಅವರನ್ನು ಬಿಡಿಸೋಣ ಎಂದು ಕೇಳುತ್ತಾಳೆ. ತಪ್ಪು ಒಪ್ಪಿಕೊಂಡ ಮೇಲೆ ಮಾಡುವುದೇನು ಎಂಬ ಪ್ರಶ್ನೆಯ ಹತ್ತಿರ ಬಂದ ನಾಟಕ ಅದು. ನನ್ನ ವಯಸ್ಸಿನವರು ಓದಬೇಕು.

‘ಫಾರ್ ಅವೇ’ ಮುಗಿಯುವುದು ಹೊಳೆಯ ದಡದಲ್ಲಿ. ದಾಟಿ ಬರಲೇಬೇಕಿದ್ದ ಜೋನ್‌ಗೆ ಆ ಹೊಳೆ ಯಾರ ಕಡೆಯದು, ತನ್ನನ್ನು ದಾಟಿಸುತ್ತದೋ ಮುಳುಗಿಸುತ್ತದೋ ತಿಳಿಯದು. ಆದರೂ ಕಾಲಿಡುತ್ತಾಳೆ. ಕೆಲವು ವಾರಗಳ ನಂತರ ಆ ಹುಡುಗರನ್ನು ಕರೆದುಕೊಂಡು ಭೈರಮಂಗಲ ಕೆರೆಗೆ ಹೋದೆ. ಬೆಂಗಳೂರಿನ ಕೊಳೆಯನ್ನೆಲ್ಲ ಹೊತ್ತ ವೃಷಭಾವತಿ ಅಲ್ಲಿಗೆ ಬಂದು ಬೀಳುತ್ತದೆ. ನೊರೆ ಎದ್ದಿತ್ತು, ನಾತಕ್ಕೆ ನಿಲ್ಲಲಾಗುತ್ತಿರಲಿಲ್ಲ. ಅದೇ ನೀರಿನಲ್ಲಿ ಬೆಳೆದ ಹಸಿರು ಎದುರಿಗೇ ತೂಗುತ್ತಿತ್ತು. ಗಾರ್ಮೆಂಟ್ಸಿನ ಹುಡುಗಿ ದುಪಟ್ಟಾ ಮೂಗಿಗೆ ಹಿಡಿದು ನೊರೆ ನೋಡುತ್ತಾ ಕೇಳಿದಳು, ‘ಇದ್ರಲ್ಲಿ ನಮ್ ಫ್ಯಾಕ್ಟ್ರಿ ಬಣ್ಣಾನೂ ಇರತ್ತಾ ಸಾರ್?’

ಪೀಸಿನ ರೇಟು ಕೇಳಿದವಳೇ ಅವಳು. ಈ ಪ್ರಶ್ನೆಗೂ ನನ್ನ ಬಳಿ ಉತ್ತರವಿರಲಿಲ್ಲ. ಕನ್ನಡದಲ್ಲಿ ಮುಂದೆ ಬರಬೇಕಾದ ನಾಟಕ ಅಲ್ಲಿಂದ ಶುರುವಾದೀತು ಎಂದು ಮಾತ್ರ ಅನಿಸಿತು. ಬರೆಯುವವಳು ಅವಳೇ ಆದರೆ ಇನ್ನೂ ಒಳ್ಳೆಯದು. ನನ್ನ ನಾಟಕದ ಹಸ್ತಪ್ರತಿ ಹೊರಗೆ ತೆಗೆದಿಟ್ಟಿದ್ದೇನೆ. ಬ್ರೋಕರನ ದೃಶ್ಯ ಇರಲಿ. ಅದಕ್ಕೂ ಮೊದಲು ಅಮ್ಮ ಹುಣಸೆಮರದ ಬಗ್ಗೆ ಕೇಳುವ ದೃಶ್ಯವೊಂದನ್ನು ಸೇರಿಸಬೇಕು.